ಹನ್ನೆರಡು ಗಂಟಿನ ಹಗ್ಗ

ಮೊಳೆ ತರಲೆಂದು ತಲ್ಲೂರಿನ ಅಂಗಡಿಗೆ ಹೋಗಿದ್ದೆ. ಬಾಗಿಲಲ್ಲೇ ತೆಂಗಿನ ನಾರಿನ ಹಗ್ಗದ ವಾಸನೆ ಮೂಗಿಗೆ ಬಡಿಯಿತು. ಮೊಳೆ ಮರೆತುಹೋಗಿ ಹಳೆಯ ನಾಚಿಕೆಯೊಂದು ನೆನಪಾಯಿತು. ನಿಮಗಾದರೂ ಪೂರ್ತಿ ಹೇಳಿ ಹಗುರಾಗುತ್ತೇನೆ.

ತೊಂಬತ್ತೆಂಟರ ಸುಮಾರಿಗೆ ನಾನು ಬೈಂದೂರಿನ ಕಡಲ ಬದಿಯ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು. ರೇಖಾಗಣಿತವನ್ನು ಬಾಯಿಪಾಠ ಮಾಡಿಸುವವರೆಂದರೆ ನನಗೆ ತಾತ್ಸಾರ. ಹಗ್ಗಕ್ಕೆ ಸಮ ಅಂತರದಲ್ಲಿ ಹನ್ನೆರಡು ಗಂಟು ಹಾಕಿ, ತುದಿಗಳನ್ನು ಕೂಡಿಸಿ ಹಿಡಿದೆ. ಒಂದು ಬದಿಗೆ ಮೂರು, ಇನ್ನೊಂದಕ್ಕೆ ನಾಲ್ಕು ಎಣಿಸಿ ಎಳೆದರೆ ಲಂಬಕೋನ ತಾನಾಗಿ ಬರುತ್ತದೆ ಎಂದೆ. ಉಳಿದದ್ದು ಐದೇ ತಾನೆ, ಅದನ್ನು ಯಾರು ಎಣಿಸುತ್ತಾರೆ? ಊರಿನ ಮೂಲೆಗಳನ್ನೆಲ್ಲ ಅಳೆದು ಬನ್ನಿ ಎಂದು ಮಕ್ಕಳನ್ನು ಬಿಟ್ಟೆ.

ಒಂದು ಮೂಲೆಯೂ ಪಾಸಾಗಲಿಲ್ಲ. ಶಾಲೆಯ ಜಗಲಿ, ಸೊಸೈಟಿ ಕಟ್ಟಡ, ಕೊನೆಗೆ ನನ್ನ ಕರಿಹಲಗೆ, ಎಲ್ಲ ಫೇಲು. ಕಣ್ಣಿಗೆ ನೆಟ್ಟಗೇ ಕಾಣುತ್ತಿದ್ದವು, ಆದರೆ ನಾನು ಹಗ್ಗವನ್ನು ನಂಬಿದೆ. ಊರಿನ ಮೇಸ್ತ್ರಿಗಳ ಮೇಲೆ ಒಂದು ಭಾಷಣವನ್ನೂ ಬಿಗಿದೆ.

ನಾನು ಬಾಡಿಗೆಗಿದ್ದದ್ದು ಪದ್ದಕ್ಕನ ಮನೆಯ ಹಿಂಬದಿಯ ಕೋಣೆಯಲ್ಲಿ. ಅವರ ಮಗಳು ಜಲಜ ಹತ್ತನೆಯದರಲ್ಲಿ ಗಣಿತ ಫೇಲಾಗಿ, ಮನೆಯಲ್ಲೇ ಬಲೆ ಹೆಣೆಯುತ್ತಿದ್ದಳು. ಸಾಸ್ತಾನದಿಂದ ಅವಳನ್ನು ನೋಡಲು ಗಂಡಿನವರು ಬಂದ ದಿನವೇ ನನ್ನ ಶಿಷ್ಯರು ಚಾವಡಿಗೆ ನುಗ್ಗಬೇಕೆ! ಗಂಡಿನ ತಂದೆಯನ್ನು ಕುರ್ಚಿ ಸಮೇತ ಪಕ್ಕಕ್ಕೆ ಸರಿಸಿ, ಹಗ್ಗ ಎಳೆದು, ಅಲ್ಲೇ ಕೂತಿದ್ದ ನನ್ನತ್ತ ಕೂಗಿದರು: "ಹ್ವಾಯ್ ಸಾರ್, ಈ ಮನಿ ಮೂಲಿಯೂ ಸಮ ಇಲ್ಲೆ!"

ಗಂಡಿನ ತಂದೆ ಕಾಫಿ ಲೋಟ ಕೆಳಗಿಟ್ಟರು. "ಮೂಲಿ ಸಮ ಇಲ್ದಿದ್ ಮನಿ ಹೆಣ್ಣ್ ನಮ್ಗ್ ಬ್ಯಾಡ," ಎಂದು ಎದ್ದೇಬಿಟ್ಟರು. ಹುಡುಗ ಸುಮ್ಮನೆ ಚಪ್ಪಲಿ ಹುಡುಕಿಕೊಂಡ. ಪದ್ದಕ್ಕ ನನ್ನನ್ನು ನೋಡಿದ ನೋಟಕ್ಕೆ ನಾನು ಅಲ್ಲೇ ಇಂಗಿಹೋಗಬೇಕಿತ್ತು.

ಜಲಜ ಅಳಲಿಲ್ಲ. ಹಗ್ಗ ಇಸಿದುಕೊಂಡು ಬೆರಳಾಡಿಸಿದಳು.

"ಗಂಟ್ ಎಣ್ಸದ್ರ್ಯಾ ಸಾರ್? ಬಲಿ ಹೆಣಿವರ್ ನಡುವಿನ್ ಕಣ್ಣ್ ಎಣ್ಸುದ್. ಕಾಣಿ, ಎರ್ಡೂ ತುದಿಗ್ ಗಂಟ್ ಹಾಕಿರಿ. ಹನ್ನೊಂದೇ ಕಣ್ಣ್!"

ಮೂರೂ ನಾಲ್ಕೂ ಹೋಗಿ ಉಳಿದದ್ದು ಐದಲ್ಲ, ನಾಲ್ಕೇ. ಊರಿನ ಮೂಲೆಗಳೆಲ್ಲ ಸರಿಯಿದ್ದವು, ಸೊಟ್ಟಗಿದ್ದವನು ನಾನು.

ಮರುದಿನ ಬಸ್ಸು ಹಿಡಿದು ಸಾಸ್ತಾನಕ್ಕೆ ಹೋಗಿ ತಪ್ಪೊಪ್ಪಿಕೊಂಡೆ. ಗಂಡಿನ ತಂದೆ, "ಹಾಂಗಾರೆ ಬರ್ದ್ ಕೊಡಿ," ಎಂದರು. ಬರೆದೆ: 'ನನಗೆ ಹನ್ನೆರಡರವರೆಗೆ ಎಣಿಸಲು ಬರುವುದಿಲ್ಲ.' ಕೆಳಗೆ ಸಹಿ, ಬಿ.ಎಸ್ಸಿ., ಬಿ.ಎಡ್. ಅವರು ಎರಡು ಸಲ ಗಟ್ಟಿಯಾಗಿ ಓದಿ, "ಅಡ್ಡಿಲ್ಲೆ, ಮದಿ ಮಾಡ್ವ," ಎಂದರು.

ಯುದ್ಧ ಗೆದ್ದವನ ಹಾಗೆ ಬಂದು ಮದುವೆ ಕುದುರಿದ ಸುದ್ದಿ ಹೇಳಿದೆ.

"ಹುಡ್ಗ ಎಂತ ಹೇಳ್ದ?" ಜಲಜ ಕೇಳಿದಳು.

"ಏನೂ ಹೇಳಲಿಲ್ಲ. ಬಾಗಿಲಲ್ಲಿ ನಿಂತಿದ್ದ."

"ಅವತ್ತೂ ಎಂತದೂ ಹೇಳ್ಲಿಲ್ಲ. ನಂಗ್ ಬ್ಯಾಡ ಸಾರ್. ನಾನ್ ಮತ್ತೆ ಪರೀಕ್ಷಿ ಕಟ್ತೆ, ಫಾರಂ ತಂದ್ ಕೊಡಿ." ಬಲೆಯ ಗಂಟೊಂದನ್ನು ಬಿಗಿದು, "ಲೆಕ್ಕ ಮಾತ್ರ ನೀವ್ ಹೇಳಿಕೊಡುದ್ ಬ್ಯಾಡ," ಎಂದಳು.

ಅವಳು ಪಾಸಾದಳು. ಈ ಕಥೆಯನ್ನು ನಾನು ಎಷ್ಟೋ ಕಡೆ ಹೇಳಿ ಜನರನ್ನು ನಗಿಸಿದ್ದೇನೆ. ಇವತ್ತು ಅಂಗಡಿಯ ಬಾಗಿಲಲ್ಲಿ ನಿಂತಾಗ ಮೊದಲ ಸಲ ಹೊಳೆಯಿತು: ಸಾಸ್ತಾನದವರ ಮುಂದೆ ಬರೆದು ಕೊಟ್ಟು ಕ್ಷಮೆ ಕೇಳಿದೆ, ಜಲಜಳ ಹತ್ತಿರ ಬಾಯಿಮಾತಿನಲ್ಲೂ ಕ್ಷಮೆ ಕೇಳಲಿಲ್ಲ.