ಕುರ್ಚಿಯ ಮೇಲಿನ ಕಲ್ಲು

ರೈಲಿನ ಹಾರ್ನ್ ಕೇಳಿಸಿದರೆ ನಮ್ಮ ಹಾಲ್‌ನಲ್ಲಿ ಯಾರೇ ಮಾತಾಡುತ್ತಿದ್ದರೂ ನಿಲ್ಲಿಸಬೇಕಾಗುತ್ತಿತ್ತು. ಉರಿಗಾಂ ಸ್ಟೇಷನ್ನಿಗೆ ಅಷ್ಟು ಹತ್ತಿರ. ಬಂಗಾರಪೇಟೆಗೆ ಹೋಗುವ ಸಂಜೆಯ ಗಾಡಿ ಒಂದು ಸಲ ಉದ್ದಕ್ಕೆ ಕೂಗಿ, ಉಸಿರು ತೆಗೆದುಕೊಂಡು, ಮತ್ತೊಮ್ಮೆ ಚಿಕ್ಕದಾಗಿ ಕೂಗುವುದು. ಆ ಎರಡು ಕೂಗಿನ ನಡುವೆ ಹಿಂದಿನ ಸಾಲಿನಲ್ಲಿ ಒಂದು ಕಬ್ಬಿಣದ ಕುರ್ಚಿ ಕಿರ್ ಎನ್ನುವುದು. ಆಕೆ ಹೊರಟಳು ಎಂದು ತಿರುಗಿ ನೋಡದೆಯೇ ನನಗೆ ಗೊತ್ತಾಗುತ್ತಿತ್ತು.

ತಿಂಗಳಿಗೊಂದು ಶನಿವಾರ ಅಲ್ಲಿ ಮಾತುಕತೆ. ವೈವಿಧ್ಯ, ಸಮಾನತೆ, ಮೂಲನಿವಾಸಿಗಳಿಗೆ ನ್ಯಾಯ ಎಂದು ಬ್ಯಾನರಿನ ಮೇಲೆ ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಬರೆಸಿದ್ದೆವು. ಬೆಂಗಳೂರಿನಿಂದ ಸ್ಪೀಕರ್ಸ್ ಬರುತ್ತಿದ್ದರು. ಅವರ ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸಿ ಹೇಳುವುದು ನನ್ನ ಕೆಲಸ. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಇಂಗ್ಲಿಷ್ ಟೀಚರ್ ಕೆಲಸದಿಂದ ರಿಟೈರ್ ಆದ ಮೇಲೂ ಹೀಗೊಂದು ಯೂಸಿಗೆ ಬಂತಲ್ಲ ಎಂದು ನನಗೆ ಖುಷಿಯೇ ಇತ್ತು. ನನ್ನ ತಂದೆ ಇಲ್ಲಿಯ ಚಿನ್ನದ ಗಣಿ ಮೈಸೂರು ಮೈನ್ಸ್‌ನಲ್ಲಿ ಟೈಮ್ ಕೀಪರ್ ಆಗಿದ್ದವರು. ಯಾರು ಯಾವ ಊರಿಂದ ಇಲ್ಲಿಗೆ ಬಂದರು ಎಂಬ ಕಥೆಗಳನ್ನೇ ಕೇಳಿ ಬೆಳೆದವಳು ನಾನು. ಅವರೆಲ್ಲ ಬರುವ ಮೊದಲು ಇಲ್ಲಿ ಯಾರಿದ್ದರು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ.

ಆಕೆ ಬಂಗಾರಪೇಟೆ ಆಚೆಯ ಕಾಲೊನಿಯ ಇರುಳಿಗ ಬುಡಕಟ್ಟಿನ ಹೆಂಗಸು. ಮೊದಲ ಸಲ ಬಂದ ದಿನ ಹಾಲ್ ತುಂಬಿತ್ತು. ಪಕ್ಕದ ಕುರ್ಚಿಯ ಮೇಲೆ ಒಂದು ಬಟ್ಟೆಯ ಚೀಲ ಇಟ್ಟುಕೊಂಡು ಕೂತಿದ್ದಳು. ಸಭೆ ನಡೆಸುತ್ತಿದ್ದ ನಮ್ಮ ಸೆಕ್ರೆಟರಿ ಹತ್ತಿರ ಹೋಗಿ, "ಅಮ್ಮಾ, ಬ್ಯಾಗ್ ಕೆಳಗಿಡಿ, ಜನ ನಿಂತಿದ್ದಾರೆ" ಎಂದರು.

"ಕೆಳಗಿಕ್ಕಂಗಿಲ್ಲ ಸಾಮಿ."

"ಯಾಕೆ, ಏನಿದೆ ಅದರಲ್ಲಿ? ಮೈನ್ಸ್ ಚಿನ್ನಾನಾ?"

ಸುತ್ತಲಿದ್ದವರು ನಕ್ಕರು. ಆಕೆ ಚೀಲವನ್ನು ಎತ್ತಿ ಮಡಿಲಿಗೆ ಹಾಕಿಕೊಂಡು, "ನಮ್ಮವ್ವ ಅವ್ಳೆ" ಎಂದಳು.

ಟೀ ಕುಡಿಯುವಾಗ ನಾನೇ ಹೋಗಿ ಮಾತಾಡಿಸಿದೆ. ಅವಳ ಮನೆತನದಲ್ಲಿ ಯಾರಾದರೂ ತೀರಿಹೋದರೆ ಹಳ್ಳದಿಂದ ಒಂದು ದುಂಡು ಕಲ್ಲನ್ನು ಆರಿಸಿ ತಂದು, ಗುಡ್ಡದ ಮೇಲೆ ಹಿರಿಯರ ಕಲ್ಲುಗಳ ಸಾಲಿಗೆ ಸೇರಿಸಬೇಕಂತೆ. ನೀರಿನಿಂದ ಎತ್ತಿದ ಕಲ್ಲು ಅಲ್ಲಿಗೆ ಸೇರುವ ತನಕ ಬೇರೆ ನೆಲ ಮುಟ್ಟುವಂತಿಲ್ಲ. ತಾಯಿಯ ಕಲ್ಲನ್ನು ಹಿಡಿದು ಹೋದಾಗ ಗುಡ್ಡಕ್ಕೆ ತಂತಿ ಬೇಲಿ ಬಿದ್ದಿತ್ತು. ಕಲ್ಲು ಕ್ವಾರಿಯವರು ಒಳಗೆ ಬಿಟ್ಟಿರಲಿಲ್ಲ. ಅಂದಿನಿಂದ ಮನೆಯಲ್ಲಿ ಸೀರೆಯ ಜೋಲಿ ಕಟ್ಟಿ, ಮಗುವನ್ನು ಮಲಗಿಸಿದ ಹಾಗೆ ಅದನ್ನು ಮಲಗಿಸಿದ್ದಳು.

"ಇಲ್ಲಿಗ್ಯಾಕೆ ಹೊತ್ತುಕೊಂಡು ಬಂದೆ?"

"ದೊಡ್ಡೋರು ಬತ್ತಾರೆ ಅಂದ್ರು ಟೀಚ್ರಮ್ಮ. ಅವ್ವನ್ನ ತೋರ್ಸಿ ಕೇಳಾನ ಅಂತ. ಒಂದು ಗಳಿಗೆ ಒಳಗೆ ಬಿಟ್ರೆ ಸಾಕು, ಇಕ್ಬುಟ್ಟು ಬಂದ್ಬುಡ್ತೀನಿ. ಅದ್ಸರಿ, ಮೈಕಲ್ಲಿ ಆ ಯಮ್ಮ ಅದ್ಯಾರ್ನೋ ಮೂಲನಿವಾಸಿ ಅಂತಿತ್ತಲ್ಲ, ಯಾರವ್ರು?"

"ನೀವೇ."

"ನಾವಾ?" ಆಕೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ನಮ್ಮನ್ನ ಯಾರೂ ಅಷ್ಟು ದೊಡ್ಡದಾಗಿ ಕರೆಯಾಕಿಲ್ಲ ಬುಡಿ."

ಆಡಿಯನ್ಸ್ ಮಾತಾಡುವ ಸರದಿ ಕೊನೆಗೆ. ಚೀಫ್ ಗೆಸ್ಟ್ ಮಾತಾಗಿ, ಇನ್ನೊಬ್ಬ ಗೆಸ್ಟ್ ಮಾತಾಗಿ, ನನ್ನ ಅನುವಾದವೂ ಸೇರಿ ಎಲ್ಲವೂ ಎರಡರಷ್ಟು ಉದ್ದವಾಗುತ್ತಿತ್ತು. ಅಷ್ಟರಲ್ಲಿ ಹಾರ್ನ್. ಆ ಗಾಡಿ ತಪ್ಪಿದರೆ ಅವಳಿಗೆ ಕಾಲೊನಿ ಸೇರುವ ದಾರಿಯಿಲ್ಲ. ಮುಂದಿನ ತಿಂಗಳು ಮತ್ತೆ ಬರುವಳು. ಮತ್ತೆ ಆ ಕುರ್ಚಿ, ಆ ಚೀಲ. ಬರಬರುತ್ತ ಜನಕ್ಕೂ ರೂಢಿಯಾಯಿತು. ಅವಳ ಪಕ್ಕದ ಕುರ್ಚಿಯನ್ನು ಖಾಲಿ ಬಿಡತೊಡಗಿದರು.

ಒಂದು ಸಲ ನಾನು ಹಟ ಹಿಡಿದೆ. ಇವತ್ತು ಆಕೆಯೇ ಫಸ್ಟ್, ಇಲ್ಲದಿದ್ದರೆ ನಾನು ಟ್ರಾನ್ಸ್‌ಲೇಟ್ ಮಾಡುವುದಿಲ್ಲ ಎಂದೆ. "ಮಿಸ್, ನೀವೂ ಸ್ಟ್ರೈಕ್ ಮಾಡ್ತೀರಾ? ಮೈನ್ಸ್ ಊರಿನವರು ನೋಡಿ" ಎಂದು ಸೆಕ್ರೆಟರಿ ನಕ್ಕು ಒಪ್ಪಿದರು. ಆಕೆ ಮೈಕಿನ ಮುಂದೆ ಚೀಲ ಬಿಚ್ಚಿ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಹೆಚ್ಚೇನೂ ಹೇಳಲಿಲ್ಲ. "ಇವ್ಳು ನಮ್ಮವ್ವ. ಇವ್ಳನ್ನ ಇಕ್ಕಕ್ಕೆ ನೀವ್ಯಾರಾದ್ರೂ ನನ್ಜೊತೆ ಬರ್ರಿ. ನೀವಿದ್ರೆ ಬುಡ್ತಾರೆ." ನಾನು ಅದನ್ನು ಇಂಗ್ಲಿಷಿಗೆ ತಿರುಗಿಸುವ ಹೊತ್ತಿಗೆ ಗೆಸ್ಟ್ ಆಗಿ ಬಂದಿದ್ದ ಹುಡುಗಿಯ ಕಣ್ಣು ತುಂಬಿತ್ತು. ಕಲ್ಲು ಹಿಡಿದು ನಿಂತವಳಿಗೆ ಶಾಲು ಹೊದಿಸಿದರು, ಫೋಟೊ ತೆಗೆದರು. ಮುಂದಿನ ತಿಂಗಳು ಮೀಟಿಂಗ್ ಗುಡ್ಡದಲ್ಲೇ, ಎಲ್ಲರೂ ಒಟ್ಟಿಗೆ ಹೋಗೋಣ ಎಂದು ಚಪ್ಪಾಳೆಯ ನಡುವೆ ತೀರ್ಮಾನವಾಯಿತು. ಆ ದಿನ ಹಾರ್ನ್ ಆದಾಗ ಆಕೆ ನಗುತ್ತ ಎದ್ದು ಹೋದಳು.

ಮುಂದಿನ ತಿಂಗಳು ಬೆಂಗಳೂರಿನವರಿಗೆ ಬೇರೆ ಪ್ರೋಗ್ರಾಮ್ ಇತ್ತು. ಅದರ ಮುಂದಿನ ತಿಂಗಳು ವ್ಯಾನ್ ಸಿಗಲಿಲ್ಲ. ಆಮೇಲೆ ಮಳೆ. ಯಾರೂ ಆಗುವುದಿಲ್ಲ ಎನ್ನಲಿಲ್ಲ. ಎಲ್ಲರೂ ಒಳ್ಳೆಯವರೇ, ದಟ್ ವಾಸ್ ದ ಪಿಟಿ. ಕೊನೆಗೊಂದು ದಿನ ನಾವಿಬ್ಬರೇ ಬಂಗಾರಪೇಟೆಯಿಂದ ಆಟೊ ಮಾಡಿಕೊಂಡು ಹೋದೆವು. ಅವಳು ಆ ಶಾಲನ್ನೇ ಕಲ್ಲಿಗೆ ಸುತ್ತಿ ತಂದಿದ್ದಳು.

ಗೇಟಿನಲ್ಲಿದ್ದ ವಾಚ್‌ಮನ್ ನಮ್ಮನ್ನು ತಡೆಯಲೇ ಇಲ್ಲ. "ಓಗ್ರಮ್ಮ, ಓಗಿ ನೋಡ್ಕಳಿ" ಎಂದ. ತಡೆಯುವಂಥದ್ದು ಅಲ್ಲಿ ಏನೂ ಉಳಿದಿರಲಿಲ್ಲ. ಗುಡ್ಡದ ಆ ಮಗ್ಗುಲೇ ಇಲ್ಲ. ಕೆಳಗೆ ಆಳದ ಗುಂಡಿ, ಅದರಲ್ಲಿ ಹಸಿರು ನೀರು.

"ಇಲ್ಲಿದ್ದ ಕಲ್ಲು ಸಾಲು?" ನಾನು ಕೇಳಿದೆ.

"ಯಾವ್ದು, ಆ ದುಂಡು ಕಲ್ಲುಗಳಾ? ಬಂಡೆ ಒಡ್ದಾಗ ಅವೂ ಮಿಷನ್‌ಗೆ ಓದ್ವು. ಜಲ್ಲಿ ಆಗಿ ಲಾರಿ ಅತ್ತಿದ್ವು ಕಣಮ್ಮ. ಓದ ತಿಂಗ್ಳು ಬಂದಿದ್ರೆ ಒಂದೆರಡಾದ್ರೂ ಸಿಕ್ತಿದ್ವು."

ಆಕೆ ಗುಂಡಿಯ ಅಂಚಿನಲ್ಲಿ ಬಹಳ ಹೊತ್ತು ನಿಂತಳು. ಅಳುತ್ತಾಳೆ ಎಂದುಕೊಂಡೆ. ತಿರುಗಿ ಬರುವಾಗ, "ನಮ್ಮ ತಾತ ಮುತ್ತಾತ್ರು ಎಲ್ಲ ಇವಾಗ ತಾರಸಿ ಮನೇಲವ್ರೆ ಟೀಚ್ರಮ್ಮ. ಅವ್ವ ಒಬ್ಳೇ ಜೋಲೀಲಿ ಉಳ್ಕಂಡ್ಳು" ಎಂದಳು. ನಾನು ಅವಳ ಕೈ ಹಿಡಿದುಕೊಂಡೆ. ಮೂರು ಭಾಷೆ ಬಲ್ಲವಳು ನಾನು.

ಬಂಗಾರಪೇಟೆ ಸ್ಟೇಷನ್ನಿನಲ್ಲಿ ಆಕೆ ಕಾಲೊನಿಗೆ ಹೋಗುವುದಿಲ್ಲ, ಮಗಳಿರುವ ಮಾಲೂರಿನ ಇಟ್ಟಿಗೆ ಗೂಡಿಗೆ ಹೋಗುತ್ತೇನೆ ಎಂದಳು. ನಲ್ಲಿಯಲ್ಲಿ ನೀರು ಕುಡಿಯಲು, "ವಸಿ ಇಡ್ಕಳಿ" ಎಂದು ಚೀಲವನ್ನು ನನ್ನ ಕೈಗೆ ಕೊಟ್ಟಳು. ಅಷ್ಟು ದಿನ ಕಂಡಿದ್ದರೂ ನಾನು ಮುಟ್ಟಿದ್ದು ಅದೇ ಮೊದಲು. ಅವಳ ಮೈಯ ಬಿಸಿ ಅದಕ್ಕಿತ್ತು. ಮುಖ ಒರೆಸಿಕೊಂಡು ಬಂದು ಅದನ್ನು ಇಸಿದುಕೊಂಡು, "ಬತ್ತೀನಿ" ಎಂದು ಗಾಡಿ ಹತ್ತಿದಳು.

ಅವಳಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬೋಗಿ ತುಂಬ ಜನ. ಎದುರಿಗೆ ನಿಂತಿದ್ದ ಒಬ್ಬಾತ ಚೀಲ ತೋರಿಸಿ, ಕೆಳಗೆ ತೋರಿಸಿ, ಏನೋ ಹೇಳಿದ. ನನಗೆ ಕೇಳಿಸಲಿಲ್ಲ. ಆಕೆ ತಲೆಯಾಡಿಸಿ, ಚೀಲವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಗಾಡಿ ಹೊರಟಿತು.