ಅರಕಲಗೂಡಿಗೆ ನಾನು ಬಿಟ್ಟ ರೈಲು

ಅರಕಲಗೂಡಿಗೆ ಮೊದಲು ರೈಲು ಬಿಟ್ಟವನು ನಾನು. ಹಳಿ ಇರಲಿಲ್ಲ, ಸ್ಟೇಷನ್ ಇರಲಿಲ್ಲ. ಆದರೂ ಹೊಳೆನರಸೀಪುರದಿಂದ ಗಂಟೆಗೆ ಮೂವತ್ತು ಮೈಲಿ ವೇಗದಲ್ಲಿ ಬಿಟ್ಟೆ. ಅದರಿಂದ ನಮ್ಮ ಗಣಿತದ ಮೇಷ್ಟ್ರ ಶನಿವಾರದ ತರಗತಿ ನಿಂತೇ ಹೋಗುವುದರಲ್ಲಿತ್ತು. ತಪ್ಪು ಪೂರ್ತಿ ನನ್ನದು. ಹಂಚಿಕೊಳ್ಳೋಣವೆಂದರೆ ಯಾರೂ ಮುಂದೆ ಬರಲಿಲ್ಲ.

ಆಗ ಎರಡನೇ ಮಹಾಯುದ್ಧದ ಕಾಲ. ನಾನು ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಐದನೇ ಫಾರಂ. ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಮೇಷ್ಟ್ರು ಪುಸ್ತಕ ಮುಚ್ಚಿಸಿಬಿಡುತ್ತಿದ್ದರು. ಪ್ರತಿಯೊಬ್ಬನೂ ಆ ವಾರ ತಾನು ಕಂಡದ್ದರಿಂದ ಒಂದು ಲೆಕ್ಕ ಕಟ್ಟಿ ತರಬೇಕು.

"ಉತ್ತರ ತಪ್ಪಿದ್ರೆ ಇಬ್ರೂ ಕೂತು ತಿದ್ದೋಣ. ಪ್ರಶ್ನೆ ಮಾತ್ರ ನಿಂದೇ ಆಗಿರ್ಬೇಕು. ಅದರೊಳಗೆ ನಿನ್ನ ಕೈಯೋ ಕಾಲೋ ಏನಾದ್ರೂ ಕಾಣ್ಬೇಕಯ್ಯ" ಎನ್ನುತ್ತಿದ್ದರು.

ನುಗ್ಗೇಹಳ್ಳಿಯವನೊಬ್ಬ ತೆಂಗಿನಕಾಯಿ ರಾಶಿಯ ಸುತ್ತಳತೆ ಹಿಡಿದು, ಎಣಿಸದೆಯೇ ಎಷ್ಟು ಕಾಯಿ ಎಂದು ಹೇಳುವ ದಾರಿ ಹುಡುಕಿದ್ದ. ಹೆಡ್ಮಾಸ್ಟರಿಗೆ ಇದು ಹಿಡಿಸಲಿಲ್ಲ. ಪ್ರಶ್ನೆ ಕೇಳಲು ಪರೀಕ್ಷೆಯವರಿದ್ದಾರೆ, ಹುಡುಗರಿಗೇಕೆ ಆ ತೊಂದರೆ ಎಂಬುದು ಅವರ ವಾದ. ಕೊನೆಗೆ, ಶಾಲೆಗಳ ಇನ್‌ಸ್ಪೆಕ್ಟರು ಬಂದು ನೋಡಲಿ, ಅವರು ಬೇಡವೆಂದರೆ ಅಂದಿಗೇ ನಿಲ್ಲಿಸುವುದು ಎಂದು ತೀರ್ಮಾನವಾಯಿತು.

ನನಗೆ ಬರುತ್ತಿದ್ದ ವಿದ್ಯೆ ಒಂದೇ, ಅಣಕು. ಹೆಡ್ಮಾಸ್ಟರ ಕೆಮ್ಮು, ಸ್ಟೇಷನ್ ಮಾಸ್ಟರ ಮೂಗಿನ ದನಿ, ಮೇಷ್ಟ್ರ ದುಂಡನೆಯ ಅಕ್ಷರ, ಎಲ್ಲವೂ ನನ್ನಲ್ಲಿ ಸಿಗುತ್ತಿದ್ದವು. ನನ್ನದೇ ಎನ್ನುವಂಥದ್ದು ಮಾತ್ರ ದಾಸ್ತಾನಿರಲಿಲ್ಲ. ಹಾಗಾಗಿ ಆ ವಾರ ಪುಸ್ತಕದಲ್ಲಿದ್ದ ರೈಲಿನ ಲೆಕ್ಕವನ್ನೇ ಎತ್ತಿ, ಲಂಡನ್ ಇದ್ದ ಕಡೆ ಹೊಳೆನರಸೀಪುರ ಬರೆದೆ. ಇನ್ನೊಂದು ತುದಿಗೆ ಅರಕಲಗೂಡು ಹಾಕಿದೆ.

ಇನ್‌ಸ್ಪೆಕ್ಟರು ಆ ಶನಿವಾರವೇ ಬಂದರು. ಹೊರಗಿನ ಜಿಲ್ಲೆಯಿಂದ ಹೊಸದಾಗಿ ವರ್ಗವಾಗಿ ಬಂದವರು. ಭಾರೀ ಆಳು, ಹೆಡ್ಮಾಸ್ಟರ ಕೈಕುರ್ಚಿ ಸಾಲದೆ ಬೆಂಚು ತರಿಸಬೇಕಾಯಿತು. ಅಕ್ಷರ ಅಂದವಾಗಿದೆಯೆಂದು ನನ್ನ ನೋಟ್‌ಬುಕ್ಕನ್ನೇ ಎತ್ತಿಕೊಂಡರು.

"ಓಹೋ, ಅರಕಲಗೂಡಿಗೆ ರೈಲಿದೆಯೇ? ನಾಳೆ ನಾನು ಅಲ್ಲಿಗೇ ಹೊರಡಬೇಕು. ಎಷ್ಟು ಗಂಟೆಗೆ?"

ಇಲ್ಲ ಎನ್ನಬೇಕಿತ್ತು. ನನ್ನ ಬಾಯಿ ತಾನಾಗಿ ಸ್ಟೇಷನ್ ಮಾಸ್ಟರದಾಯಿತು: "ಹನ್ನೊಂದೂಕಾಲಿಗೆ ಸಾರ್. ಅರ್ಧ ಗಂಟೆ ಲೇಟು."

ಅವರು ಡೈರಿಯಲ್ಲಿ ಬರೆದುಕೊಂಡರು. ಹೆಡ್ಮಾಸ್ಟರು ಕೆಮ್ಮಿದರು, ನಾನು ಕೆಮ್ಮುತ್ತಿದ್ದಷ್ಟು ಚೆನ್ನಾಗಿ ಬರಲಿಲ್ಲ. ಆಗ ಹಿಂದಿನ ಬೆಂಚಿನಿಂದ ಮಲ್ಲಿಪಟ್ಟಣದ ಹುಡುಗ ಎದ್ದ. ಅವನ ಊರು ಅರಕಲಗೂಡಿಗಿಂತಲೂ ಆಚೆ.

"ಅಲ್ಲಿಗ್ ರೈಲೇ ಇಲ್ಲ ಸಾ. ಇದ್ದಿದ್ರೆ ನಾನ್ಯಾಕೆ ಬಸ್ ತಳ್ಕೊಂಡ್ ಊರಿಗ್ ಓಗ್ತಿದ್ದೆ?"

ಇನ್‌ಸ್ಪೆಕ್ಟರು ಡೈರಿಯಲ್ಲಿದ್ದ ರೈಲನ್ನು ಗೀಟು ಹೊಡೆದು ನಿಲ್ಲಿಸಿದರು. "ಏನ್ರೀ ಮೇಷ್ಟ್ರೆ, ಸ್ವಂತ ಲೆಕ್ಕ ಎಂದರೆ ಸುಳ್ಳು ಲೆಕ್ಕವೋ?"

"ಅದು ಇವನದಲ್ಲ ಸ್ವಾಮಿ, ಪುಸ್ತಕದ್ದು. ಸ್ವಂತದ್ದು ಇಲ್ಲಿದೆ" ಎಂದು ಮೇಷ್ಟ್ರು ಮಲ್ಲಿಪಟ್ಟಣದವನ ನೋಟ್‌ಬುಕ್ಕನ್ನು ಮುಂದಿಟ್ಟರು.

ಪೆಟ್ರೋಲು ಸಿಗದೆ ಆಗ ಬಸ್ಸುಗಳು ಇದ್ದಲಿನಲ್ಲಿ ಓಡುತ್ತಿದ್ದವು. ಏರು ಬಂತೆಂದರೆ ಪ್ರಯಾಣಿಕರು ಇಳಿದು ತಳ್ಳಬೇಕು. ಅವನ ಪ್ರಶ್ನೆ ಹೀಗಿತ್ತು: ಅರಕಲಗೂಡಿಗೆ ಟಿಕೆಟ್ ಪಡೆದ ನಾನು ಬಸ್ಸಿನಲ್ಲಿ ಕೂತದ್ದು ಎಷ್ಟು ದೂರ, ಬಸ್ಸನ್ನು ತಳ್ಳಿದ್ದು ಎಷ್ಟು ದೂರ? ದಾರಿಬದಿಯ ಫರ್ಲಾಂಗು ಕಲ್ಲುಗಳನ್ನು ಎಣಿಸಿ ಉತ್ತರವನ್ನೂ ಬರೆದಿದ್ದ. ತಳ್ಳಿದ್ದು ಎರಡು ಮೈಲಿ ಮೂರು ಫರ್ಲಾಂಗು.

"ನಾಳೆ ಇದೇ ಬಸ್ಸಿನಲ್ಲಿ ಹೋಗಿ ನೋಡುತ್ತೇನೆ. ಈ ತರಗತಿ ಬೇಕೋ ಬೇಡವೋ ಬುಧವಾರ ಬಂದು ಬರೆಯುತ್ತೇನೆ" ಎಂದು ತಪಾಸಣೆ ಪುಸ್ತಕವನ್ನು ಖಾಲಿ ಬಿಟ್ಟು ಇನ್‌ಸ್ಪೆಕ್ಟರು ಎದ್ದರು.

ಬುಧವಾರದವರೆಗೆ ಮೇಷ್ಟ್ರು ನನ್ನನ್ನು ಬೈಯಲೇ ಇಲ್ಲ. ಬೈದಿದ್ದರೆ ಅಣಕಿಸಿಕೊಂಡಾದರೂ ಇರಬಹುದಿತ್ತು. ಗೆಳೆಯರು ಮಾತ್ರ ಕಂಡಕಂಡಲ್ಲಿ, "ಏನ್ಲಾ, ನಿನ್ ರೈಲು ಬಂತೇನ್ಲಾ?" ಎನ್ನುತ್ತಿದ್ದರು.

ಇನ್‌ಸ್ಪೆಕ್ಟರು ಹೇಳಿದ ದಿನಕ್ಕೇ ಬಂದರು. ಕೋಟಿನ ಕಾಲರಿಗೆ ಮಸಿ ಹಿಡಿದಿತ್ತು. ಕೂತವರೇ ತಪಾಸಣೆ ಪುಸ್ತಕ ತೆರೆದು ಪೆನ್ನು ಎತ್ತಿದರು.

"ಉತ್ತರ ತಪ್ಪು. ತಳ್ಳಿದ್ದು ಮೂರು ಮೈಲಿ ಒಂದು ಫರ್ಲಾಂಗು. ಇಷ್ಟೂ ದಾರಿ ನಾನು ಡ್ರೈವರ್ ಪಕ್ಕದ ಸೀಟು ಬಿಟ್ಟು ಒಮ್ಮೆಯೂ ಇಳಿಯದೆ, ಜನ ತಳ್ಳುವಾಗೆಲ್ಲ ಕಲ್ಲು ಎಣಿಸಿದ್ದೇನೆ. ಕಣ್ಣಾರೆ ಕಂಡದ್ದನ್ನೇ ತಪ್ಪಾಗಿ ಬರೆಯುವುದಾದರೆ ಈ ತರಗತಿ ಯಾತಕ್ಕೆ?"

ಮಲ್ಲಿಪಟ್ಟಣದವನು ಎದ್ದು ನಿಂತು ಒಂದೇ ಮಾತು ಹೇಳಿ ಕೂತ. ಇನ್‌ಸ್ಪೆಕ್ಟರು ಅವನನ್ನು ನೋಡಿದರು, ತಾವು ಕೂತಿದ್ದ ಬೆಂಚನ್ನು ನೋಡಿದರು, ಆಮೇಲೆ "ಮುಂದುವರಿಸಬಹುದು" ಎಂದು ಬರೆದು ರುಜು ಹಾಕಿದರು. ನಾನು ಆ ಶಾಲೆ ಬಿಡುವವರೆಗೂ ಶನಿವಾರದ ತರಗತಿ ನಡೆಯಿತು. ಅವನ ಮಾತನ್ನು ಅವನ ದನಿಯಲ್ಲೇ ಹೇಳಲು ಎಷ್ಟೋ ಸಲ ಪ್ರಯತ್ನಪಟ್ಟಿದ್ದೇನೆ, ಬರುವುದಿಲ್ಲ. ಅವನು ಅಂದದ್ದು:

"ನಾನ್ ತಳ್ದಾಗ ನೀವು ಒಳಗ್ ಕುಂತಿರ್ಲಿಲ್ಲ, ಸಾ."