ಮೂರು ಪಂದ್ಯ ನೋಡಿ ಹೇಳುತ್ತಿದ್ದ ಪಿ.ಟಿ. ಮೇಡಂ

ರಾವಂದೂರಿನ ಶಾಲೆಯಲ್ಲಿ ನಾನು ಗಣಿತ ಹೇಳಿಕೊಡುತ್ತಿದ್ದಾಗ ಅವರು ನಮ್ಮ ಪಿ.ಟಿ. ಮೇಡಂ. ಮಹಿಳೆಯರ ಫುಟ್‌ಬಾಲ್ ಲೀಗ್ ಶುರುವಾಯಿತೆಂದರೆ ಊಟದ ಡಬ್ಬಿಗೆ ಮೊಬೈಲ್ ಒರಗಿಸಿಕೊಂಡು ಕೂರುವರು. ಮೂರು ಪಂದ್ಯ ಮುಗಿಯುವಷ್ಟರಲ್ಲಿ ಒಂದೊಂದು ತಂಡದ ಹಣೆಬರಹವನ್ನೂ ಹೇಳಿಬಿಡುವರು. ಇವರಿಗೆ ಓಟವಿದೆ, ದಮ್ಮಿಲ್ಲ. ಅವರು ಒಂದು ಗೋಲು ಹೊಡೆದ ಕೂಡಲೇ ಮೈಮರೆಯುತ್ತಾರೆ. "ಚೆಂಡು ನೋಡ್ಬ್ಯಾಡಿ ಕಣ್ರೀ, ಚೆಂಡು ಇಲ್ದೋರ್ನ ನೋಡಿ" ಎಂದು ನನ್ನ ಮೊಣಕೈ ತಿವಿಯುವರು.

ಆ ವರ್ಷ ಅವರೇ ತಯಾರು ಮಾಡಿದ ಹುಡುಗಿ ಬೆಂಗಳೂರಿನ ಒಂದು ತಂಡ ಸೇರಿ, ಎಡಗಡೆ ಡಿಫೆನ್ಸಿನಲ್ಲಿ ಆಡುತ್ತಿದ್ದಳು. ಮೊದಲ ಮೂರೂ ಪಂದ್ಯ ಸೋತ ಮೇಲೆ ಅವಳ ಫೋನ್ ಬಂತು. ಮೇಡಂ ಸ್ಪೀಕರ್ ಹಾಕಿದರು.

"ಮೇಡಂ, ನಮ್ ಟೀಮು ಎಂಗೈತೆ? ನಿಜ ಹೇಳಿ."

"ಎದುರಾಳಿಗಳೆಲ್ಲ ನಿನ್ ಕಡೆಯಿಂದ್ಲೇ ನುಗ್ತಾವ್ರೆ ಕಣವ್ವ. ತಿರುಗಿ ಓಡೋಕೆ ಯಾಕೆ ತಡ ಮಾಡ್ತೀಯ?"



"ಮಂಡಿ ನೋವು ಮೇಡಂ. ಒಂಬತ್ತನೇ ಕ್ಲಾಸಿಂದ್ಲೂ ಐತೆ. ಹೇಳುದ್ರೆ ನೀವು ಆಡ್ಸಲ್ಲ ಅಂತ ಸುಮ್ಕಿದ್ದೆ."

"ಆಡ್ಬ್ಯಾಡ, ಬಂದ್ಬುಡು" ಎಂದು ಮೇಡಂ ಹೇಳುವಷ್ಟರಲ್ಲಿ ಫೋನ್ ಕಟ್ಟಾಗಿತ್ತು.

"ದಿನಾ ನನ್ ಎದುರಿಗೇ ಓಡ್ತಿದ್ಲು ಕಣ್ರೀ" ಎಂದರು ನನಗೆ. ಊಟ ಹಾಗೇ ಉಳಿಯಿತು.

ನಾಲ್ಕನೇ ಪಂದ್ಯದಲ್ಲಿ ಅವಳು ಕುಸಿದಳು. ಸ್ಟ್ರೆಚರಿನಲ್ಲಿ ಹೊತ್ತೊಯ್ದರು. ಮತ್ತೆ ಆಡಲಿಲ್ಲ.

ಮಾರನೆಯ ದಿನ ಮೇಡಂ ಮೈದಾನದಲ್ಲಿ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬಳ ಮುಂದೆಯೂ ಕುಕ್ಕರುಗಾಲಲ್ಲಿ ಕೂತು ಮಂಡಿ ಒತ್ತಿ ನೋಡಿದರು. "ನೋಯ್ತದಾ? ನಿಜ ಹೇಳವ್ವ."

ಎಲ್ಲರೂ ಬೆನ್ನು ನೆಟ್ಟಗೆ ಮಾಡಿಕೊಂಡು, "ಇಲ್ಲ ಮೇಡಂ" ಎಂದರು.